ಗೆರೆಗಿಂತ ಎರಡು ಬೆರಳು ಮೇಲೆ

ಬೀದಿಯಲ್ಲಿ ಅವರನ್ನು ಎಲ್ಲರೂ ಕಾಲಿಂಚು ಮಾಸ್ತರು ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವನು ಪಕ್ಕದ ಇಸ್ತ್ರಿ ಅಂಗಡಿಯವನು. ಯಾರದೋ ಪ್ಯಾಂಟಿನ ಸೊಂಟ ಕಾಲಿಂಚು ಬಿಗಿಯಾಯಿತೆಂದು ಇಡೀ ಹೊಲಿಗೆ ಬಿಚ್ಚಿಕೊಂಡು ಕೂತಿದ್ದ ಈ ದರ್ಜಿಯನ್ನು ಕಂಡು, "ಕಾಲಿಂಚಿಗೆ ಯಾರಾದ್ರೂ ಇಷ್ಟು ಒದ್ದಾಡ್ತಾರೇನೋ? ಅವನು ನಾಳೆ ಒಂದು ತುತ್ತು ಕಡಿಮೆ ತಿಂದ್ರೆ ತಾನೇ ಸರಿಹೋಗುತ್ತೆ" ಎಂದಿದ್ದ. ಹೆಸರು ಅಂಟಿಕೊಂಡುಬಿಟ್ಟಿತು. ಮಾಸ್ತರಿಗೆ ಬೇಸರವೇನೂ ಆಗಲಿಲ್ಲ. ಒಳಗೊಳಗೆ ಹೆಮ್ಮೆಯೇ ಆಯಿತು ಎನ್ನಬೇಕು.

ಅಂಗಡಿಯೆಂದರೆ ಎರಡು ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಒಂದು ಉದ್ದನೆಯ ಮೇಜು, ಗೋಡೆಗೊಂದು ಕನ್ನಡಿ. ಇಷ್ಟಾದ ಮೇಲೆ ಗಿರಾಕಿ ನಿಲ್ಲಲು ಉಳಿಯುವ ಜಾಗದಲ್ಲಿ ಸ್ವಲ್ಪ ದಪ್ಪಗಿರುವವರು ತಿರುಗಬೇಕಾದರೆ ಮಾಸ್ತರು ಹೊರಗೆ ಬರಬೇಕು. ಮೇಲಿನ ಎರಡು ಕೋಣೆಯಲ್ಲಿ ಮನೆ. ಒಂದು ಮಿಷನ್ನಿನ ಮೇಲೆ ಮಾಸ್ತರು, ಇನ್ನೊಂದರ ಮೇಲೆ ಅವರ ಹೆಂಡತಿ. ಗುಂಡಿ, ಜಿಪ್ಪು, ಅಂಚು ಮಡಿಚುವುದು ಅವಳ ಪಾಲು. ಅಳತೆ ಮತ್ತು ಕತ್ತರಿ ಮಾಸ್ತರದು. ಅಲ್ಲಿ ಅವರು ಬ್ರಹ್ಮನ ಮಾತನ್ನೂ ಕೇಳುವವರಲ್ಲ.

ಟೇಪು ಕಂಡ ಕೂಡಲೇ ಹೊಟ್ಟೆ ಒಳಗೆಳೆದುಕೊಳ್ಳುವ ಗಂಡಸರನ್ನೂ, ಹಿಮ್ಮಡಿ ಎತ್ತಿ ನಿಲ್ಲುವ ಹುಡುಗರನ್ನೂ ಅವರು ಜೀವಮಾನವಿಡೀ ನೋಡಿದ್ದರು. ಎಲ್ಲರಿಗೂ ಒಂದೇ ಮಾತು. "ಉಸಿರು ಬಿಡಿ ಸ್ವಾಮಿ. ಟೇಪಿನ ಮುಂದೆ ಸುಳ್ಳು ನಡೆಯಲ್ಲ. ಇವತ್ತು ನೀವು ಹೊಟ್ಟೆ ಎಳ್ಕೊಂಡ್ರೆ ನಾಳೆ ಗುಂಡಿ ಕಿತ್ಕೊಂಡು ಹೋಗಿ ನನ್ನ ಮರ್ಯಾದೆ ತೆಗೆಯುತ್ತೆ." ಮಗಳು ಪುಟ್ಟಿ ತೊಟ್ಟಿಲಲ್ಲಿದ್ದಾಗಿಂದ ಈ ಮಾತು ಕೇಳಿಕೊಂಡೇ ಬೆಳೆದವಳು. ಮೊದಮೊದಲು ಗೊಂಬೆಗಳಿಗೆ ಅಳತೆ ತೆಗೆಯುವಾಗ ಅವಳೂ, "ಉಸಿರು ಬಿಡು, ಸುಳ್ಳು ನಡೆಯಲ್ಲ" ಎಂದು ಗದರುತ್ತಿದ್ದಳು.

ಮಕ್ಕಳ ಬಟ್ಟೆಯೆಂದರೆ ಮಾಸ್ತರಿಗೆ ಇನ್ನೊಂದು ಹಟ. ಯಾರ ಮಗುವಿನ ಉಡುಪೇ ಇರಲಿ, ಒಳಗಡೆ ಮೂರು ಬೆರಳು ಬಟ್ಟೆ ಮಡಿಚಿ ಬಿಡುತ್ತಿದ್ದರು. ಬೆಳೆಯೋ ಮಡಿಕೆ ಎಂದು ಅದಕ್ಕೆ ಹೆಸರು. ಮಗು ಬೆಳೆದಂತೆಲ್ಲ ಬಂದು ಬಿಚ್ಚಿಸಿಕೊಂಡು ಹೋಗಬಹುದು, ಅದಕ್ಕೆ ದುಡ್ಡಿಲ್ಲ. "ಮಕ್ಕಳು ಬೆಳೆಯೋದಕ್ಕೆ ದಂಡ ಹಾಕೋದಾ?" ಎನ್ನುತ್ತಿದ್ದರು. ಈ ಮಾತನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು, ಮಾಸ್ತರು ಮರೆಯಲಿದ್ದಾರೆ.

ಊರಾಚೆಗೆ ಒಂದು ದೊಡ್ಡ ಆಟದ ಪಾರ್ಕು. ಬಾಗಿಲಲ್ಲಿ ಒಂದು ದಿನದ ಟಿಕೆಟ್ಟು ತೆಗೆದುಕೊಂಡರೆ ಬೆಳಗಿನಿಂದ ಸಂಜೆಯವರೆಗೆ ಯಾವ ಆಟ ಬೇಕಾದರೂ ಆಡಬಹುದು. ಆದರೆ ಆ ಟಿಕೆಟ್ಟಿನ ಬೆಲೆ ಕೇಳಿದವರು ಸ್ವಲ್ಪ ಹೊತ್ತು ಕೂತುಕೊಳ್ಳಬೇಕಾಗುತ್ತಿತ್ತು. ಮೂರು ಜನಕ್ಕೆ ಸೇರಿಸಿದರೆ ಅಂಗಡಿಯ ಒಂದು ತಿಂಗಳ ಬಾಡಿಗೆ. ಪುಟ್ಟಿಯ ತರಗತಿಯ ಹುಡುಗಿಯೊಬ್ಬಳು ಹೋಗಿ ಬಂದು ಹದ್ದು ಎಂಬ ಆಟದ ಬಗ್ಗೆ ವಾರಗಟ್ಟಲೆ ಕೊರೆದಿದ್ದಳು. ಹಳಿಯ ಮೇಲಿನ ಬಂಡಿಯಲ್ಲಿ ಕೂರಿಸಿ, ಆಕಾಶದವರೆಗೆ ಏರಿಸಿ, ತಲೆಕೆಳಗು ಮಾಡಿ, ಮತ್ತೆ ಬದುಕಿಸಿ ಇಳಿಸುತ್ತಾರಂತೆ. ಅಂದಿನಿಂದ ಪುಟ್ಟಿಗೆ ನಿಂತಲ್ಲಿ ಕೂತಲ್ಲಿ ಹದ್ದೇ.

ಅಂಗಡಿಯಲ್ಲಿ ಈ ವಿಷಯಕ್ಕೆ ದೊಡ್ಡ ಪಂಚಾಯಿತಿಯೇ ನಡೆಯಿತು.

"ಒಂದು ದಿನಕ್ಕಾ? ತಲೆಕೆಳಗಾಗೋಕೆ ಅಷ್ಟು ದುಡ್ಡಾ?" ಎಂದ ಇಸ್ತ್ರಿಯವನು. "ನಮ್ಮನೆಗೆ ಬಾರೋ. ನನ್ನ ಹೆಂಡತಿಯನ್ನ ಒಂದು ಸಲ ಕೆಣಕು. ಪುಕ್ಕಟೆ ತಿರುಗಿಸ್ತಾಳೆ, ಸಾಲಲ್ಲಿ ನಿಲ್ಲೋದೂ ಬೇಡ."

ರವಿಕೆ ಕೊಡಲು ಬಂದಿದ್ದ ಬ್ಯಾಂಕಿನ ಮೇಡಂ ಒಪ್ಪಲಿಲ್ಲ. "ಹಾಗಲ್ಲಪ್ಪ. ನಾವು ಹೋಗಿದ್ವಿ. ಒಂದೇ ಆಟಾನ ಹತ್ತು ಸಲ ಬೇಕಾದ್ರೂ ಆಡಿ, ಯಾರೂ ಕೇಳಲ್ಲ. ದಿನಪೂರ್ತಿ ಇದ್ರೆ ದುಡ್ಡಿಗೆ ಮೋಸ ಇಲ್ಲ. ಆದ್ರೆ ಮಗು ಎತ್ತರ ನೋಡ್ಕೊಳ್ಳಿ ಮಾಸ್ತರೇ. ಬಾಗಿಲಲ್ಲೇ ಒಂದು ಕೋಲು ನಿಲ್ಲಿಸಿದ್ದಾರೆ, ಅದರ ಮೇಲೆ ಕೆಂಪು ಗೆರೆ. ಗೆರೆಗಿಂತ ಕೆಳಗಿದ್ರೆ ಮಕ್ಕಳ ಟಿಕೆಟ್ಟು, ದಾಟಿದ್ರೆ ಪೂರ್ತಿ. ಹದ್ದಿಗೂ ಅದೇ ಗೆರೆ. ಕೆಳಗಿದ್ರೆ ಹತ್ತಿಸಲ್ಲ."

ಗೆರೆ ಎಷ್ಟು ಎತ್ತರದಲ್ಲಿದೆಯೆಂದು ಮಾಸ್ತರು ಕೇಳಿ ತಿಳಿದುಕೊಂಡರು. ಅಂಗಡಿಯ ಬಾಗಿಲ ಚೌಕಟ್ಟಿನ ಮೇಲೆ ಟೇಪು ಹಿಡಿದು, ಕೆಂಪು ಸೀಮೆಸುಣ್ಣದಲ್ಲಿ ಅದೇ ಎತ್ತರಕ್ಕೆ ಒಂದು ಗೆರೆ ಎಳೆದು ಪುಟ್ಟಿಯನ್ನು ನಿಲ್ಲಿಸಿದರು. ಅವಳ ನೆತ್ತಿ ಗೆರೆಯ ಕೆಳಗೇ ನಿಂತಿತು.

"ಈಗ ಹೋದ್ರೆ ಹದ್ದು ಹತ್ತಿಸಲ್ಲ, ಅಷ್ಟು ದುಡ್ಡೂ ದಂಡ" ಎಂದು ತೀರ್ಪು ಕೊಟ್ಟರು ಮಾಸ್ತರು. "ಬೆಳಿ. ಬೆಳೆದ ಮೇಲೆ ಹೋಗೋಣ. ಇದು ನನ್ನ ಮಾತು."

ಪುಟ್ಟಿ ಬೆಳೆಯಲು ಕೂತಳು. ನಿಜವಾಗಿಯೂ ಕೂತಳು. ಮೂಗು ಮುಚ್ಚಿಕೊಂಡು ಹಾಲು ಕುಡಿದಳು. ಮಹಡಿ ಮೆಟ್ಟಿಲಿನ ಕಂಬಿಗೆ ಜೋತುಬಿದ್ದಳು. ಮಲಗುವಾಗ ಮುದುರಿದರೆ ಎತ್ತರ ಕಡಿಮೆಯಾಗುತ್ತದೆಂದು ಯಾರೋ ಹೇಳಿದ್ದಕ್ಕೆ ಕೈಕಾಲು ನೀಡಿ ಹಲಗೆಯ ಹಾಗೆ ಮಲಗಿದಳು. ತಿಂಗಳಿಗೊಂದು ಸಲ ಚೌಕಟ್ಟಿಗೆ ಒರಗಿ ನಿಂತು ಗುರುತು ಹಾಕಿಸಿಕೊಳ್ಳುತ್ತಿದ್ದಳು. ಒಂದು ದಿನ ಮಾಸ್ತರು ಅವಳ ನೆತ್ತಿಯ ಮೇಲೆ ಪಟ್ಟಿ ಇಟ್ಟು ನೋಡಿದರೆ, ಗೆರೆಗಿಂತ ಎರಡು ಬೆರಳು ಮೇಲೆ. ಪುಟ್ಟಿ ಬೀದಿಗೆಲ್ಲ ಕೇಳುವಂತೆ ಕೂಗಿದಳು. ಇಸ್ತ್ರಿಯವನು ಕೈಯಲ್ಲಿ ಬಿಸಿ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡೇ ಬಂದು ನೋಡಿ, "ಆಯ್ತಲ್ಲ, ಇನ್ನು ಇವಳನ್ನ ತಡೆಯೋರಿಲ್ಲ" ಎಂದ. ಅವನು ಮರಳಿ ಹೋಗುವಷ್ಟರಲ್ಲಿ ಹಲಗೆಯ ಮೇಲೆ ಬಿಟ್ಟಿದ್ದ ಇನ್ನೊಂದು ಪೆಟ್ಟಿಗೆ ಯಾರದೋ ಅಂಗಿಯ ಕಾಲರು ಸುಟ್ಟಿತ್ತು.

ದುಡ್ಡೂ ಕೂಡಿತ್ತು. ಮಾಸ್ತರು ವರ್ಷವಿಡೀ ಒಂದು ಡಬ್ಬಿಯಲ್ಲಿ ಹಾಕುತ್ತ ಬಂದಿದ್ದರು. ಮೂರೂ ಪೂರ್ತಿ ಟಿಕೆಟ್ಟಿಗೆ ಸಾಕಾಗುವಷ್ಟಿತ್ತು. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಯಾರೂ ಪಾಪ, ಬಡವ ಎಂದು ಅವರ ಪರ ನಿಲ್ಲುವುದು ಬೇಡ.

ಹೊರಡುವ ಹಿಂದಿನ ದಿನ ಪುಟ್ಟಿಗೆ ಹೊಸ ಗೌನು ಹೊಲಿಯಲು ಕೂತಾಗ ಆ ಯೋಚನೆ ಬಂತು. ಪೂರ್ತಿ ಟಿಕೆಟ್ಟಿಗೂ ಮಕ್ಕಳ ಟಿಕೆಟ್ಟಿಗೂ ಇರುವ ಅಂತರವೆಂದರೆ ಆರು ಪ್ಯಾಂಟಿನ ಕಾಲು ಮಡಿಚಿದ ಕೂಲಿ. ಕೇವಲ ಎರಡು ಬೆರಳಿಗೆ! ನಾನು ಯಾರಿಗಾದರೂ ಎರಡು ಬೆರಳಿಗೆ ದುಡ್ಡು ಕೇಳಿದ್ದೇನೆಯೇ ಎಂದು ಮಾಸ್ತರು ತಮ್ಮನ್ನೇ ಕೇಳಿಕೊಂಡರು. ಇಲ್ಲ ಎಂದು ತಾವೇ ಉತ್ತರ ಕೊಟ್ಟುಕೊಂಡರು. ಬಾಗಿಲಲ್ಲಿ ಒಂದು ಗಳಿಗೆ ಮಂಡಿ ಮಡಿಚಿದರಾಯಿತು. ಒಳಗೆ ಹೋದ ಮೇಲೆ ಹದ್ದಿನ ಹತ್ತಿರ ನೆಟ್ಟಗೆ ನಿಂತರಾಯಿತು. ಅಗ್ಗದ ಟಿಕೆಟ್ಟು, ಪೂರ್ತಿ ಆಟ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮಂಡಿ ಮಡಿಚಿದ್ದು ಕಾಣಬಾರದಲ್ಲ, ಗೌನನ್ನು ಪಾದದವರೆಗೆ ಇಳಿಸಿ ಕತ್ತರಿಸಿದರು. ಸೊಂಟದ ಕೆಳಗೆ ನೆರಿಗೆ ಧಾರಾಳವಾಗಿ ಬಿಟ್ಟರು.

ಅಂಚು ಮಡಿಚಲು ಕೈಗೆತ್ತಿಕೊಂಡ ಹೆಂಡತಿ, "ಇಷ್ಟುದ್ದ ಯಾಕ್ರೀ? ಎಡವಿ ಬೀಳ್ತಾಳೆ" ಎಂದಳು.

"ಬೆಳೀತಾಳೆ ಬಿಡು."

"ಬೆಳೆಯೋದನ್ನ ನೀವು ಒಳಗೆ ಮಡಿಚಿ ಬಿಡೋದಲ್ವಾ ಯಾವಾಗಲೂ?"

ಮಾಸ್ತರು ಮಿಷನ್ನಿಗೆ ಎಣ್ಣೆ ಬಿಡುವುದರಲ್ಲಿ ತಲ್ಲೀನರಾದರು. ಪುಟ್ಟಿ ಗೌನು ಹಾಕಿಕೊಂಡು ಕನ್ನಡಿಯ ಮುಂದೆ ಗಿರಗಿರನೆ ತಿರುಗಿದಳು. "ಅಪ್ಪ ನನಗೋಸ್ಕರ ದೊಡ್ಡೋರ ಥರ ಹೊಲಿದಿದ್ದಾರೆ" ಎಂದು ಅಮ್ಮನಿಗೆ ಹೇಳಿದಳು. ಅದು ಮಾಸ್ತರ ಕಿವಿಗೆ ಬಿತ್ತು. ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಸೂಜಿ ಚುಚ್ಚಿಸಿಕೊಂಡು ಅಭ್ಯಾಸವಿದ್ದವರು, ಹಾಗೇ ಬಿಟ್ಟರು.

ಮರುದಿನ ಪಾರ್ಕಿನ ಬಾಗಿಲಲ್ಲಿ ಉದ್ದನೆಯ ಸಾಲು. ಹೆಂಡತಿ ಚೀಲ ಹಿಡಿದುಕೊಂಡು ಎರಡು ಹೆಜ್ಜೆ ಹಿಂದಿದ್ದಳು. ಮಾಸ್ತರು ಬಗ್ಗಿ ಪುಟ್ಟಿಯ ಕಿವಿಯಲ್ಲಿ ವಿಷಯ ಹೇಳಿದರು. ಅವಳಿಗೆ ಮೊದಲು ನಗು ಬಂತು.

"ಆಟಾನಾ ಅಪ್ಪಾ?"

"ಹೂಂ, ಆಟಾನೇ. ಒಂದೇ ಒಂದು ನಿಮಿಷ."

"ಟೇಪಿನ ಮುಂದೆ ಸುಳ್ಳು ನಡೆಯಲ್ಲ ಅಂತೀಯಲ್ಲ?"

"ಇದು ಟೇಪಲ್ಲ, ಕೋಲು."

ಅವಳ ನಗು ನಿಂತಿತು. ಯಾರಿಗೂ ಕೇಳದ ಹಾಗೆ, "ದುಡ್ಡು ಸಾಲ್ದಾ ಅಪ್ಪಾ?" ಎಂದಳು. ಇದ್ದದ್ದನ್ನು ಇದ್ದ ಹಾಗೆ ಹೇಳಲು ಅದೇ ಗಳಿಗೆ ಸಾಕಾಗಿತ್ತು. ಮಾಸ್ತರು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. "ಮಾತಾಡ್ಬೇಡ, ಸಾಲು ಮುಂದೆ ಹೋಗ್ತಿದೆ" ಎಂದರು.

ಕೋಲಿನ ಪಕ್ಕ ಕೂತಿದ್ದವನು ತಲೆ ಎತ್ತಿದ್ದೂ ಅರ್ಧವೇ. ಪುಟ್ಟಿ ನಿಂತಳು. ಗೌನಿನ ಒಳಗೆ ಮಂಡಿ ಮಡಿಚಿತು, ಹೊರಗೆ ಒಂದು ನೆರಿಗೆಯೂ ಅಲುಗಲಿಲ್ಲ. ಅಷ್ಟು ಚೆನ್ನಾಗಿ ಹೊಲಿದಿದ್ದರು. "ಮಕ್ಕಳದು ಒಂದು" ಎಂದು ಅವನು ಕೂಗಿ, ಅವಳ ಮಣಿಕಟ್ಟಿಗೆ ಒಂದು ಹಳದಿ ಪಟ್ಟಿ ಸುತ್ತಿ ಬಿಚ್ಚಲಾಗದಂತೆ ಅಂಟಿಸಿದ. ದೊಡ್ಡವರಿಬ್ಬರಿಗೂ ನೀಲಿ ಪಟ್ಟಿ. ಮಕ್ಕಳಿಗೆ ಇಷ್ಟವಾಗಲೆಂದು ಬಣ್ಣ ಬೇರೆ ಮಾಡಿರಬೇಕು ಎಂದುಕೊಂಡರು ಮಾಸ್ತರು. ಹಿಂದಿನಿಂದ ಹೆಂಡತಿ ಮೊದಲು ಗೌನನ್ನು ನೋಡಿದಳು, ಆಮೇಲೆ ಗಂಡನ ಮುಖ ನೋಡಿದಳು. ಆ ಉದ್ದ ಯಾಕೆಂದು ಅವಳಿಗೆ ಈಗ ಗೊತ್ತಾಗಿತ್ತು. ಅವಳು ಬೈದಿದ್ದರೆ ವಾಸಿಯಾಗಿತ್ತು.

ಒಳಗೆ ಹೋದ ಮೇಲೆ ಮಾತ್ರ ಸುಳ್ಳು ಹೇಳಬಾರದು, ಚೆನ್ನಾಗಿಯೇ ಇತ್ತು. ನೀರಿನ ಮೇಲೆ ಜಾರುವ ದೋಣಿ, ಗುಂಡಗೆ ತಿರುಗುವ ದೊಡ್ಡ ಬಟ್ಟಲು, ಕತ್ತಲ ಗುಹೆ. ಆ ಬಟ್ಟಲಿನಲ್ಲಿ ಕೂತಾಗ ಹೆಂಡತಿ ಬಾಗಿಲಿನ ವಿಷಯವನ್ನೂ ಮರೆತು ಜೋರಾಗಿ ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ಮಾಸ್ತರು ಕೇಳಿ ಬಹಳ ಕಾಲವಾಗಿತ್ತು. ಬ್ಯಾಂಕಿನ ಮೇಡಂ ಹೇಳಿದ್ದು ನಿಜ, ದುಡ್ಡಿಗೆ ಮೋಸ ಇಲ್ಲ ಎನಿಸಿತು. ಅದರ ಜೊತೆಗೆ, ಆರು ಪ್ಯಾಂಟಿನ ಕೂಲಿ ಉಳಿಸಿದ ಜಾಣ ನಾನು ಎಂದೂ ಎನಿಸಿತು. ಅಂಗಿಯ ಜೇಬಿನಲ್ಲಿ ಅದು ಬೆಚ್ಚಗೆ ಕೂತಿತ್ತು.

ಹದ್ದಿನ ಸಾಲು ಹಾವಿನ ಹಾಗೆ ಸುತ್ತಿಕೊಂಡಿತ್ತು. ನಿಂತು ನಿಂತು ಕಾಲು ಸೋತರೂ ಪುಟ್ಟಿ ಕುಣಿಯುತ್ತಲೇ ಇದ್ದಳು. ತಲೆಯ ಮೇಲೆ ಬಂಡಿ ಹಾದುಹೋದಾಗಲೆಲ್ಲ ಕುತ್ತಿಗೆ ಹಿಂದಕ್ಕೆ ಬಾಗಿಸಿ ನೋಡುತ್ತಿದ್ದಳು. ಕೊನೆಗೂ ಅವರ ಸರದಿ ಬಂತು. ಬಾಗಿಲಲ್ಲಿ ಕುತ್ತಿಗೆಗೆ ಸೀಟಿ ತಗಲಿಸಿಕೊಂಡ ಒಬ್ಬ ಹುಡುಗಿ ಇದ್ದಳು. ಅವಳು ಪುಟ್ಟಿಯ ಮುಖವನ್ನಲ್ಲ, ಮಣಿಕಟ್ಟನ್ನು ನೋಡಿದಳು.

"ಸರ್, ಹಳದಿ ಪಟ್ಟಿಯವರನ್ನ ಇದಕ್ಕೆ ಬಿಡೋ ಹಾಗಿಲ್ಲ."

ಮಾಸ್ತರಿಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. "ಇವಳು ಎತ್ತರ ಇದ್ದಾಳಮ್ಮ. ಬೇಕಾದ್ರೆ ಅಳೆದು ನೋಡಿ."

ಹುಡುಗಿ ಪುಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದಳು. ಒಳ್ಳೆಯ ಮನಸ್ಸಿನವಳು. "ಇದ್ದ ಹಾಗೇ ಕಾಣ್ತಾಳೆ. ಬಾಗಿಲಲ್ಲಿ ಸರಿಯಾಗಿ ಅಳೆದಿಲ್ವೋ ಏನೋ. ಒಂದು ಕೆಲಸ ಮಾಡೋಣ ಸರ್. ಇಲ್ಲೂ ಕೋಲಿದೆ, ನಿಲ್ಲಿಸ್ತೀನಿ. ಗೆರೆ ದಾಟಿದ್ರೆ ಬಾಗಿಲಿಗೆ ಫೋನ್ ಮಾಡಿ ಯಾರು ಅಳೆದಿದ್ದು ಅಂತ ಕೇಳ್ತೀನಿ. ನೀವು ಹೋಗಿ ಬಾಕಿ ದುಡ್ಡು ಕಟ್ಟಿ ಪಟ್ಟಿ ಬದಲಾಯಿಸ್ಕೊಂಡು ಬನ್ನಿ. ಮತ್ತೆ ಸಾಲಲ್ಲಿ ನಿಲ್ಲೋದು ಬೇಡ, ನೇರ ನನ್ನ ಹತ್ರ ಬನ್ನಿ."

ಇದಕ್ಕಿಂತ ಸುಲಭದ ದಾರಿಯನ್ನು ದೇವರೂ ತೋರಿಸಲಾರ. ಮಾಸ್ತರ ಕೈ ಜೇಬಿನವರೆಗೆ ಹೋಯಿತು. ಆದರೆ ಪುಟ್ಟಿಗೆ ಕೇಳಿಸಿದ್ದೇ ಬೇರೆ. ಫೋನ್ ಮಾಡುತ್ತಾರೆ, ಯಾರು ಅಳೆದದ್ದು ಎಂದು ಕೇಳುತ್ತಾರೆ, ಅಪ್ಪ ಸಿಕ್ಕಿಬೀಳುತ್ತಾರೆ. ಬಾಕಿ ದುಡ್ಡು ಕಟ್ಟಬೇಕು, ಅಪ್ಪನ ಹತ್ತಿರ ಅದಿಲ್ಲ. ಅವಳು ಅಪ್ಪನ ಕಡೆ ಒಮ್ಮೆ ನೋಡಿದಳು. ಯಾರೂ ಕರೆಯುವ ಮೊದಲೇ ತಾನಾಗಿ ಹೋಗಿ ಕೋಲಿಗೆ ಬೆನ್ನು ಕೊಟ್ಟು ನಿಂತಳು. ಅವಳ ನೆತ್ತಿ ಕೆಂಪು ಗೆರೆಯ ಕೆಳಗೆ ಮೆಲ್ಲಗೆ ಇಳಿಯಿತು.

ಬಟ್ಟೆ ಬೀಳುವ ರೀತಿಯಲ್ಲೇ ಒಳಗಿನ ಮೈ ಹೇಗಿದೆಯೆಂದು ಹೇಳಬಲ್ಲವರು ಮಾಸ್ತರು. ಗೌನಿನ ಮುಂದಿನ ನೆರಿಗೆ ಒಂದು ಎಳೆಯಷ್ಟು ಮುಂದಕ್ಕೆ ಬಂದದ್ದು ಅಲ್ಲಿ ನಿಂತಿದ್ದ ಅಷ್ಟು ಜನರಲ್ಲಿ ಅವರೊಬ್ಬರಿಗೇ ಕಂಡಿತು. ನೆಟ್ಟಗೆ ನಿಲ್ಲು ಪುಟ್ಟಿ ಎಂದರೆ ಸಾಕಿತ್ತು. ಮೂರು ಪದ. ಹಿಂದೆ ಯಾರೋ "ಬೇಗ ಬೇಗ" ಎಂದರು. ಸಾಲಿನಲ್ಲಿದ್ದವರೆಲ್ಲ ತಮ್ಮನ್ನೇ ನೋಡುತ್ತಿದ್ದಾರೆಂದು ಮಾಸ್ತರಿಗೆ ಅನ್ನಿಸಿತು. ಅವರು ಸುಮ್ಮನೆ ನಿಂತರು.

"ಅಯ್ಯೋ, ಇನ್ನೊಂಚೂರು ಬೇಕಲ್ಲ ಮರಿ" ಎಂದಳು ಸೀಟಿಯ ಹುಡುಗಿ. "ಮುಂದಿನ ವರ್ಷ ಬಾ, ಆಯ್ತಾ?"

"ಆಯ್ತಕ್ಕ" ಎಂದಳು ಪುಟ್ಟಿ.

ಹೊರಗೆ ಬಂದು ನಾಲ್ಕು ಹೆಜ್ಜೆ ನಡೆದ ಮೇಲೆ ಅವಳು ಅಪ್ಪನ ಕೈ ಜಗ್ಗಿ ಬಗ್ಗಿಸಿಕೊಂಡು ಕಿವಿಯಲ್ಲಿ ಕೇಳಿದಳು. "ಸರಿಯಾಗಿ ನಿಂತ್ನಾ ಅಪ್ಪಾ? ಯಾರಿಗೂ ಗೊತ್ತಾಗ್ಲಿಲ್ಲ ಅಲ್ವಾ?"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇದು ಹಾಗೂ ಅಲ್ಲ. ತುತ್ತು ಬಾಯಿಯವರೆಗೆ ಬಂದಿತ್ತು, ಮಗು ಅದನ್ನು ಅಪ್ಪನಿಗೋಸ್ಕರ ಕೆಳಗಿಟ್ಟಿತ್ತು. ಆಮೇಲೂ ಸಂಜೆಯವರೆಗೆ ಹೊತ್ತಿತ್ತು. ಬಾಗಿಲಿಗೆ ಹೋಗಿ, ಸ್ವಾಮಿ ತಪ್ಪಾಯಿತು, ಬಾಕಿ ತೆಗೆದುಕೊಂಡು ಪಟ್ಟಿ ಬದಲಾಯಿಸಿಕೊಡಿ ಎನ್ನಬಹುದಿತ್ತು. ಒಂದು ಸಲ ಹೊರಟರು ಕೂಡ. ಕೌಂಟರಿನ ಹತ್ತಿರ ನಿಂತು, ಒಳಗಿದ್ದವನ ಮುಖ ನೋಡಿ, ಪಕ್ಕದ ಅಂಗಡಿಯಲ್ಲಿ ಮೂರು ದುಬಾರಿ ಐಸ್‌ಕ್ರೀಮು ಕೊಂಡುಕೊಂಡು ವಾಪಸ್ಸು ಬಂದರು. ಪುಟ್ಟಿ ಹದ್ದಿನ ಎದುರಿನ ಬೆಂಚಿನ ಮೇಲೆ ಕೂತು ಐಸ್‌ಕ್ರೀಮು ತಿಂದಳು. ಬಂಡಿ ಮೇಲೇರಿ ತಲೆಕೆಳಗಾದಾಗಲೆಲ್ಲ ಚಮಚ ಗಾಳಿಯಲ್ಲೇ ನಿಲ್ಲುತ್ತಿತ್ತು. ಅಪ್ಪ ನೋಡುತ್ತಿರುವುದು ಗೊತ್ತಾಗಿ, "ಇಲ್ಲಿಂದಾನೂ ಚೆನ್ನಾಗೇ ಕಾಣುತ್ತೆ" ಎಂದಳು.

ಬಸ್ಸಿನಲ್ಲಿ ಅವಳು ನಿದ್ದೆ ಹೋದ ಮೇಲೆ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು. "ಜೇಬಲ್ಲಿದ್ದದ್ದು ಹಾಗೇ ಇದೆಯಾ?"

"ಅರ್ಧ ಇದೆ."

"ಇಟ್ಕೊಳ್ಳಿ" ಎಂದಳು.

ಮರುದಿನ ಇಸ್ತ್ರಿಯವನು ಬೆಳಿಗ್ಗೆಯೇ ಹಾಜರು. "ಏನಮ್ಮಾ, ಹದ್ದು ಹತ್ತಿದ್ಯಾ?"

"ಇಲ್ಲ ಮಾಮ. ನಾನು ಇನ್ನೂ ಕುಳ್ಳಿ ಅಂತೆ." ಕಣ್ಣು ಮಿಟುಕಿಸದೆ ಹೇಳಿ ಚೀಲ ಬೆನ್ನಿಗೇರಿಸಿಕೊಂಡು ಶಾಲೆಗೆ ಹೋದಳು.

ಅವನು ಚೌಕಟ್ಟಿನ ಗೆರೆ ನೋಡಿದ, ಮಾಸ್ತರ ಮುಖ ನೋಡಿದ. "ಇದೇನೋ ಕಾಲಿಂಚು? ಎರಡು ಬೆರಳು ಮೇಲೆ ಅಂತ ನೀನೇ ಅಳೆದಿದ್ದಲ್ವಾ? ನಿನ್ನ ಟೇಪು ಯಾವಾಗಿಂದ ಸುಳ್ಳು ಹೇಳೋಕೆ ಶುರು ಮಾಡ್ತು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಮಾಸ್ತರ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. "ಅವರ ಕೋಲೇ ಸರಿಯಿಲ್ಲ" ಎಂದರು. ಒಂದು ಸುಳ್ಳಿಗೆ ಇನ್ನೊಂದು ತೇಪೆ. ದರ್ಜಿಗೆ ತೇಪೆ ಹಾಕುವುದು ಹೇಳಿಕೊಡಬೇಕೇ?

"ದುಡ್ಡಿಗೆ ಮೋಸ ಇಲ್ಲ ತಾನೆ, ಹೇಗೆ?" ಎಂದು ಅವನು ಬಿಡದೆ ಕೇಳಿದ.

"ಕೆಲಸ ಇದೆ ಕಣೋ" ಎಂದರು ಮಾಸ್ತರು.

ಅಂದಿನಿಂದ ಅಂಗಡಿಯಲ್ಲಿ ಒಂದು ಮಾತು ಕಡಿಮೆಯಾಯಿತು. ಗಿರಾಕಿ ಹೊಟ್ಟೆ ಎಳೆದುಕೊಂಡರೆ ಮಾಸ್ತರು ಸುಮ್ಮನೆ ಅಳೆದುಬಿಡುತ್ತಿದ್ದರು. ಉಸಿರು ಬಿಡಿ ಎನ್ನಲು ಬಾಯಿ ಬರುತ್ತಿರಲಿಲ್ಲ. ಪ್ಯಾಂಟುಗಳು ಬಿಗಿಯೆಂದು ವಾಪಸ್ಸು ಬರತೊಡಗಿದವು. ಹೆಂಡತಿ ಸೊಂಟ ಬಿಚ್ಚಿ ಸಡಿಲ ಮಾಡಿಕೊಡುತ್ತಿದ್ದಳು. ಪುಟ್ಟಿ ಚೌಕಟ್ಟಿನ ಹತ್ತಿರ ನಿಲ್ಲುವುದನ್ನು ಬಿಟ್ಟಿದ್ದಳು. ಗುರುತು ಹಾಕೋಣ ಬಾ ಎಂದು ಮಾಸ್ತರು ಒಮ್ಮೆ ಕರೆದದ್ದಕ್ಕೆ, "ಬೇಡ ಅಪ್ಪಾ, ಸಾಕು" ಎಂದಳು. ಏನು ಸಾಕು ಎಂದು ಕೇಳುವ ಧೈರ್ಯ ಅವರಿಗಿರಲಿಲ್ಲ.

ಒಂದು ಸಂಜೆ ಗುಂಡಿ ಹುಡುಕುತ್ತ ಡಬ್ಬಿಗೆ ಕೈ ಹಾಕಿದಾಗ ಹಳದಿ ಪಟ್ಟಿ ಸಿಕ್ಕಿತು. ಮಣಿಕಟ್ಟಿನಿಂದ ಕತ್ತರಿಸಿ ಅವಳೇ ಅಲ್ಲಿ ಹಾಕಿದ್ದಳು. ಮಾಸ್ತರು ಎಸೆಯಲು ಹೋಗಿ, ಎಸೆಯಲಾಗದೆ, ಮತ್ತೆ ಗುಂಡಿಗಳ ಅಡಿಯಲ್ಲೇ ಇಟ್ಟರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಅವರ ತಾಯಿ ಹೇಳುತ್ತಿದ್ದದ್ದು ನೆನಪಾಯಿತು. ತಮ್ಮದು ಅಡಿಕೆಗೂ ಅಲ್ಲ, ಎರಡು ಬೆರಳಿಗೆ ಹೋದದ್ದು.

ಆದರೆ ನಿಜವಾಗಿ ಅವರನ್ನು ಬಗ್ಗಿಸಿದ್ದು ಇನ್ನೊಂದು ದಿನದ ಬಸ್ಸು ಪ್ರಯಾಣ. ನೂಲು ತರಲು ಅಪ್ಪ ಮಗಳಿಬ್ಬರೂ ಪೇಟೆಗೆ ಹೊರಟಿದ್ದರು. ಕಂಡಕ್ಟರು ಇನ್ನೂ ಮುಂದಿನ ಸೀಟಿನವರಿಗೆ ಚಿಲ್ಲರೆ ಕೊಡುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಪುಟ್ಟಿ ಮೆಲ್ಲಗೆ ಸೀಟಿನಲ್ಲಿ ಕೆಳಗೆ ಜಾರಿದಳು. ಹೆಗಲು ಒಳಗೆಳೆದುಕೊಂಡಳು, ಕುತ್ತಿಗೆ ಕುಗ್ಗಿಸಿದಳು. ನೋಡನೋಡುತ್ತ ಅವಳು ಎರಡು ವರ್ಷ ಚಿಕ್ಕವಳಾಗಿಬಿಟ್ಟಳು. ಮಾಸ್ತರು ಏನೂ ಹೇಳಿರಲಿಲ್ಲ, ಕಣ್ಸನ್ನೆಯನ್ನೂ ಮಾಡಿರಲಿಲ್ಲ. ಕಂಡಕ್ಟರು ಬಂದು "ಅರ್ಧಾನಾ?" ಎಂದ. "ಎರಡು ಪೂರ್ತಿ" ಎಂದರು ಮಾಸ್ತರು, ಬೇಕಿದ್ದದ್ದಕ್ಕಿಂತ ಜೋರಾಗಿ. ಪುಟ್ಟಿ ಬೆಚ್ಚಿ ಅಪ್ಪನನ್ನು ನೋಡಿದಳು. ತಾನೇನು ತಪ್ಪು ಮಾಡಿದೆ ಎಂದು ಅವಳಿಗೆ ತಿಳಿಯಲಿಲ್ಲ. ಬೆಳೆಯಲೆಂದು ಕೈಕಾಲು ನೀಡಿ ಮಲಗುತ್ತಿದ್ದ ಮಗುವಿಗೆ ಕುಗ್ಗುವುದನ್ನು ಕಲಿಸಿದವನು ನಾನೇ ಎಂದು ಮಾಸ್ತರಿಗೆ ಉಳಿದ ದಾರಿಯೆಲ್ಲ ಅನಿಸುತ್ತಿತ್ತು. ಹೇಳಬೇಕು ಎಂದುಕೊಂಡರು. ಹೇಳಿದರೆ ಅವಳ ಕಣ್ಣಲ್ಲಿ ಅಪ್ಪ ಎಷ್ಟು ಚಿಕ್ಕವನಾಗುತ್ತಾನೆ ಎಂದು ಹೆದರಿ ಆ ದಿನವೂ ಸುಮ್ಮನಾದರು.

ಹೊಸ ತರಗತಿ ಶುರುವಾಗುವ ಮುಂಚೆ ಸಮವಸ್ತ್ರದ ಬಟ್ಟೆ ಬಂತು. ಭಾನುವಾರ ಬೆಳಿಗ್ಗೆ ಗಿರಾಕಿಗಳು ಬರುವ ಮೊದಲು ಮಾಸ್ತರು ಮಗಳನ್ನು ಕರೆದರು. ಹೆಂಡತಿ ತನ್ನ ಮಿಷನ್ನಿನ ಮೇಲೆ ಯಾರದೋ ಜಿಪ್ಪು ಕೀಳುತ್ತಿದ್ದಳು. ಪುಟ್ಟಿ ಬಂದು ಕನ್ನಡಿಯ ಮುಂದೆ ನಿಂತಳು. ಮಾಸ್ತರು ಟೇಪನ್ನು ಕುತ್ತಿಗೆಯಿಂದ ತೆಗೆದು ಅವಳ ಭುಜಕ್ಕೆ ಹಿಡಿದರು.

"ಅಪ್ಪಾ" ಎಂದಳು ಅವಳು, ಹೋಮ್‌ವರ್ಕಿನ ವಿಷಯ ಕೇಳುವಷ್ಟು ಸಹಜವಾಗಿ. "ನೆಟ್ಟಗೆ ನಿಲ್ಲಲಾ, ಬಗ್ಗಲಾ?"

ಹೆಂಡತಿಯ ಕೈ ನಿಂತಿತು. ಮಾಸ್ತರು ಟೇಪಿನ ತುದಿ ಹಿಡಿದುಕೊಂಡೇ ನೆಲದ ಮೇಲೆ ಕೂತರು. ಈಗ ಪುಟ್ಟಿ ಅವರಿಗಿಂತ ಎತ್ತರವಾಗಿದ್ದಳು.

"ಅವತ್ತು ಜೇಬಲ್ಲಿ ದುಡ್ಡಿತ್ತು ಪುಟ್ಟಿ."

ಅವಳು ಕನ್ನಡಿ ಬಿಟ್ಟು ಅಪ್ಪನ ಕಡೆ ತಿರುಗಿದಳು.

"ಪೂರ್ತಿ ಟಿಕೆಟ್ಟಿಗೆ ಆಗುವಷ್ಟಿತ್ತು. ಮನೆಯಿಂದ ಹೊರಡುವಾಗಲೇ ಇತ್ತು. ಹದ್ದಿನ ಹತ್ರಾನೂ ಇತ್ತು. ನೀನು ಕೇಳಿದೆ, ನಾನು ಹೇಳ್ಲಿಲ್ಲ."

ಪುಟ್ಟಿ ಅಪ್ಪನ ಮುಖದಿಂದ ಬಾಗಿಲ ಚೌಕಟ್ಟಿನ ಕೆಂಪು ಗೆರೆಗೆ, ಗೆರೆಯಿಂದ ಅಮ್ಮನ ಕಡೆಗೆ ನೋಡಿದಳು. ಅಮ್ಮ ಹೌದೆಂದು ತಲೆಯಾಡಿಸಿದಳು.

"ಹಾಗಾದ್ರೆ ನಾನು ಯಾಕಪ್ಪಾ ಬಗ್ಗಿದ್ದು?"

ಅವಳು ಕೇಳಿದ್ದು ಮೊದಲನೆಯ ಸಲದ ಬಗ್ಗೆ ಅಲ್ಲ, ಹದ್ದಿನ ಮುಂದೆ ತಾನಾಗಿ ಬಗ್ಗಿದ್ದರ ಬಗ್ಗೆ. ಅದು ಮಾಸ್ತರಿಗೆ ಚೆನ್ನಾಗಿ ಗೊತ್ತಿತ್ತು. ಉತ್ತರವೂ ಗೊತ್ತಿತ್ತು. ನಾನು ಜಾಣ ಅನ್ನಿಸಿಕೊಳ್ಳಬೇಕಾಗಿತ್ತು, ಆಮೇಲೆ ನಾಲ್ಕು ಜನರ ಮುಂದೆ ಕಳ್ಳ ಅನ್ನಿಸಿಕೊಳ್ಳಲು ಹೆದರಿಕೆಯಾಯಿತು. ಇಷ್ಟನ್ನೇ ಹೇಳಬೇಕಿತ್ತು. ಬಾಯಿ ತೆರೆದರೆ ಬಂದದ್ದು, "ತಪ್ಪು ನಂದು ಕಣಮ್ಮ" ಎಂಬುದಷ್ಟೇ.

ಪುಟ್ಟಿ ಪರವಾಗಿಲ್ಲ ಎನ್ನಲಿಲ್ಲ. ಮಕ್ಕಳು ಹಾಗೆ ಅನ್ನಬೇಕೆಂದು ಯಾವ ಕಾನೂನೂ ಇಲ್ಲ. ಅವಳ ಕಣ್ಣು ತುಂಬಿ ಒಂದು ಹನಿ ಉರುಳಿತು, ಅಂಗೈಯಲ್ಲಿ ಒರೆಸಿಕೊಂಡಳು. ಆಮೇಲೆ ಹಿಮ್ಮಡಿ ಕೂಡಿಸಿ, ಕುತ್ತಿಗೆ ಎತ್ತಿ, ನೆಟ್ಟಗೆ ನಿಂತಳು.

"ಅಳತೆ ತಗೋ ಅಪ್ಪಾ" ಎಂದಳು. "ಈ ಸಲ ಉದ್ದ ಬೇಡ. ಮಂಡಿ ಕಾಣೋ ಹಾಗೆ ಹೊಲಿ."

ಮಾಸ್ತರು ಎದ್ದು ಅಳತೆ ತೆಗೆದುಕೊಂಡರು. ಮೇಜಿನ ಮೇಲೆ ಬಟ್ಟೆ ಹರಡಿ, ಅವಳು ನೋಡುತ್ತಿರುವಂತೆಯೇ ಮಂಡಿಯ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದರು. ಬೆಳೆಯೋ ಮಡಿಕೆಗೆಂದು ಮೂರು ಬೆರಳು ಹೆಚ್ಚು ಬಿಡಲು ಕತ್ತರಿ ಅಭ್ಯಾಸದಂತೆ ಕೆಳಗೆ ಸರಿಯಿತು. ಪುಟ್ಟಿ ಮೇಜಿಗೆ ಇನ್ನಷ್ಟು ಹತ್ತಿರ ಬಂದು ನಿಂತಳು. ಅವರು ಕತ್ತರಿಯನ್ನು ಹಿಂದಕ್ಕೆ ತಂದು, ಆಮೇಲೆ ಇಳಿಸಿ ಮಂಡಿ ಮುಚ್ಚಲು ಒಂದೂ ಬೆರಳು ಬಿಡದೆ, ಅವಳು ಹೇಳಿದಲ್ಲಿಗೇ ಕತ್ತರಿಸಿದರು.